ಕಳಲೆಗೆ ಹುಳಿ ಹಾಕಿದ್ದು

ನಮ್ಮತ್ತೆ ಬುನ್ಪಾನ್ ಡಬ್ಬಕ್ಕೆ ತುಂಬಿದ ಕಳಲೆಗೆ ನಾನ್ ಎಂಬ ಪಟ್ಟಣದ ಸಂತೆಯಲ್ಲಿ ಗಿರಾಕಿಗಳು ಕಾದು ನಿಲ್ಲುತ್ತಿದ್ದರು. ಬೇರೆಯವರ ಡಬ್ಬ ತೆರೆದರೆ ಕಂದು ನೀರು, ಮೆತ್ತಗಾದ ತುಂಡು. ಅತ್ತೆಯದು ಹಾಗಲ್ಲ. ನೀರು ತಿಳಿ, ಕಳಲೆ ದಂತದ ಬಣ್ಣ, ಹಲ್ಲಿಗೆ ಸಿಕ್ಕರೆ ಕರುಂ ಎನ್ನಬೇಕು. ನಾನು ಮದುವೆಯಾಗಿ ಈ ಗುಡ್ಡದೂರು ಹುವಾಯ್ ಲಾನ್‌ಸಾಂಗಿಗೆ ಬಂದ ಮೊದಲ ಮಳೆಗಾಲದಲ್ಲಿ, ನಾನು ಸುಲಿದ ಕಳಲೆಯೊಂದನ್ನು ಕೈಯಲ್ಲಿ ತಿರುಗಿಸಿ ನೋಡಿ, "ನಿಮ್ಮೂರಲ್ಲಿ ಹಂದಿಗೆ ಹಾಕೋಕೆ ಹಿಂಗೆ ಸುಲೀತಾರಾ, ಲಮ್ಯಾಯ್?" ಎಂದು ಕೇಳಿದ್ದರು. ಸಿಟ್ಟು ಬಂದರೂ ನುಂಗಿಕೊಂಡು ಕಲಿತೆ.

ಮಳೆ ಹಿಡಿದು ಗುಡ್ಡದ ಬಿದಿರುಮೆಳೆಗಳ ಬುಡದಲ್ಲಿ ನೆಲ ಬಿರಿಯತೊಡಗಿದರೆ ನಮ್ಮೂರ ಹೆಂಗಸರು ಮನೆಯಲ್ಲಿ ನಿಲ್ಲುವುದಿಲ್ಲ. ಎಳೆ ಮೊಳಕೆಗಳನ್ನು ಕಡಿದು ಬೆನ್ನಬುಟ್ಟಿಯಲ್ಲಿ ಹೊತ್ತು ತಂದು, ಸುಲಿದು, ಎಣ್ಣೆ ಡಬ್ಬದಂಥ ಚೌಕನೆಯ ತಗಡಿನ ಡಬ್ಬಗಳಲ್ಲಿ ಒತ್ತೊತ್ತಾಗಿ ನಿಲ್ಲಿಸಿ, ನೀರು ತುಂಬಿ ಒಲೆಯ ಮೇಲೆ ಕುದಿಸುವುದು. ಹಬೆ ಬುಸುಗುಡುತ್ತಿರುವಾಗಲೇ ಬಾಯಿಗೆ ತಗಡು ಮುಚ್ಚಿ ಬೆಸುಗೆ ಹಾಕಿಬಿಟ್ಟರೆ ಒಳಗೆ ಗಾಳಿಯಿಲ್ಲ, ಕೊಳೆಯುವ ಭಯವಿಲ್ಲ. ಡಬ್ಬಗಳನ್ನು ಕಂಬದ ಮನೆಗಳ ಕೆಳಗೆ ಸಾಲಾಗಿ ಪೇರಿಸಿಟ್ಟು, ಮುಂದಿನ ಬೇಸಿಗೆಯವರೆಗೂ ಬೇಕಾದಾಗ ತೆಗೆದು ತಿನ್ನುತ್ತಿದ್ದೆವು, ಮಾರುತ್ತಿದ್ದೆವು. ಅತ್ತೆಯ ಅತ್ತೆಯ ಕಾಲದಿಂದಲೂ ಹೀಗೇ ನಡೆದು ಬಂದಿತ್ತು. ಅದರಲ್ಲಿ ತಪ್ಪೇನಾದರೂ ಇರಬಹುದೆಂದು ಯಾರಿಗೂ ಅನಿಸಿರಲಿಲ್ಲ.

ಒಂದು ವರ್ಷ ಚಳಿ ಹಿಂದೆಗೆಯುವ ಹೊತ್ತಿಗೆ ನನ್ನ ಗಂಡ ಇನ್ತೋನನ ಚಿಕ್ಕಪ್ಪನ ಮಗ ಹೊಸ ಮನೆ ಕಟ್ಟಿ ಊರಿಗೆಲ್ಲ ಊಟ ಹಾಕಿದ. ಭಿಕ್ಷುಗಳು ಬಂದು ಹರಸಿ, ಊಟ ಮುಗಿಸಿ ಹೋದ ಮೇಲೆ ಊರವರು ಚಾಪೆಯ ಮೇಲೆ ಕೂತರು. ಅಡುಗೆಯ ಯಜಮಾನಿಕೆ ಎಂದಿನಂತೆ ಅತ್ತೆಯದೇ. ಮನೆಯಿಂದ ತರಿಸಿದ್ದ ಹೊಸ ಡಬ್ಬದ ಬಾಯಿ ಕೊಯ್ಯಿಸಿ, ಅರ್ಧದಷ್ಟನ್ನು ಹಂದಿಯ ಪಕ್ಕೆಲುಬಿನ ಸಾರಿಗೆ ಹಾಕಿದರು. ಉಳಿದರ್ಧವನ್ನು ತೆಳ್ಳಗೆ ಸೀಳಿ, ಹಾಗೇ ತಟ್ಟೆಗಳಲ್ಲಿಟ್ಟು, ಜೊತೆಗೆ ಸುಟ್ಟ ಮೆಣಸಿನ ಚಟ್ನಿ ಇಟ್ಟರು. ಅಂಟಕ್ಕಿಯ ಅನ್ನದ ಉಂಡೆ, ಒಂದು ಸೀಳು ಕಳಲೆ, ಮೇಲೆ ಒಂದಿಷ್ಟು ಚಟ್ನಿ. ಇನ್ತೋನ್ ಆ ತಟ್ಟೆಯ ಹತ್ತಿರದಿಂದ ಏಳಲೇ ಇಲ್ಲ. ಬಡಿಸುವ ಗಡಿಬಿಡಿಯಲ್ಲಿ ನಾನೂ ಅತ್ತೆಯೂ ಕೊನೆಗೆ ಉಂಡೆವು. ಅಷ್ಟು ಹೊತ್ತಿಗೆ ತಟ್ಟೆಗಳೆಲ್ಲ ಖಾಲಿಯಾಗಿ ಕುದಿಯುವ ಸಾರು ಮಾತ್ರ ಉಳಿದಿತ್ತು.

ಮರುದಿನ ಬೆಳಿಗ್ಗೆ ಇನ್ತೋನ್ ಮೆಟ್ಟಿಲ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದ.

"ಒಬ್ಬಳನ್ನ ಸಂಭಾಳಿಸೋದೇ ಕಷ್ಟ ಇತ್ತು," ಎಂದ. "ಇವತ್ತು ಇಬ್ಬರು ಕಾಣ್ತಿದೀರಿ."

ನಿನ್ನೆಯ ಹೆಂಡ ಇಳಿದಿಲ್ಲವೆಂದು ನಾನು ನಕ್ಕುಬಿಟ್ಟೆ. ನೀರು ತಂದುಕೊಟ್ಟರೆ ಒಂದು ಗುಟುಕು ಕುಡಿಯಲು ಹೋಗಿ ಮೂಗಿನಿಂದ ಹೊರಬಂತು. ಹೊಟ್ಟೆನೋವಿಲ್ಲ, ಜ್ವರವಿಲ್ಲ, ಮಾತು ಮಾತ್ರ ತೊದಲು. ಮಧ್ಯಾಹ್ನದ ಹೊತ್ತಿಗೆ ರೆಪ್ಪೆಗಳು ಅರ್ಧಕ್ಕೆ ಇಳಿದು ನಿಂತವು. ಬೆರಳಿನಿಂದ ಎತ್ತಿದರೆ ಮಾತ್ರ ತೆರೆಯುತ್ತಿದ್ದವು. ಆಗ ಪಕ್ಕದ ಮನೆಯ ಸಾಯ್‌ಬುವಾ ಓಡಿಬಂದಳು. ಅವಳ ಗಂಡನಿಗೂ ಹಾಗೇ ಆಗಿತ್ತು. ಕೆಳಗಿನ ಬೀದಿಯಲ್ಲೂ ಆಗಿತ್ತು. ಪಿಕಪ್ ಗಾಡಿಗಳಲ್ಲಿ ಎಲ್ಲರನ್ನೂ ಮಲಗಿಸಿಕೊಂಡು ತಾಲೂಕು ಆಸ್ಪತ್ರೆಗೆ ಹೋದೆವು.

ಅಲ್ಲಿದ್ದ ಡಾಕ್ಟರ್ ಪಿಚೇತ್ ಆಗಷ್ಟೇ ನೌಕರಿಗೆ ಸೇರಿದ ಹುಡುಗ. ಮೊದಲು ಗದ್ದೆಗೆ ಹೊಡೆಯುವ ಔಷಧಿಯ ವಿಷವೇನೋ ಎಂದುಕೊಂಡರು. ಆಮೇಲೆ ಇನ್ತೋನನ ಪಕ್ಕ ಮಂಡಿಯೂರಿ, ರೆಪ್ಪೆ ಎತ್ತಿ ನೋಡಿ, ಕೈ ಹಿಸುಕು ಎಂದರು, ಕಾಲು ಒತ್ತು ಎಂದರು. ಕಾಲಿನಲ್ಲಿ ಇನ್ನೂ ಶಕ್ತಿಯಿತ್ತು, ಕೈಯಲ್ಲಿ ಕಡಿಮೆ, ಕತ್ತಿನಲ್ಲಿ ಇನ್ನೂ ಕಡಿಮೆ. ಕೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತಿತ್ತು. ಡಾಕ್ಟರು ಎದ್ದುನಿಂತು ಮಂಚದಿಂದ ಮಂಚಕ್ಕೆ ಹೋಗಿ ಒಂದೇ ಪ್ರಶ್ನೆ ಕೇಳಿದರು: ನಿನ್ನೆ ಏನೇನು ತಿಂದಿರಿ? ಕಾಯಿಲೆ ಬಿದ್ದವರಷ್ಟನ್ನೇ ಕೇಳಿ ಬಿಡಲಿಲ್ಲ. ಕರೆತಂದ ನಮ್ಮನ್ನೂ ಕೇಳಿದರು. ಸಾರು ಎಲ್ಲರೂ ಉಂಡಿದ್ದರು. ಹೆಂಡ ಕುಡಿದವರಲ್ಲಿ ಕೆಲವರು ನೆಟ್ಟಗಿದ್ದರು. ಚಟ್ನಿಯ ಜೊತೆ ಹಸಿಯಾಗಿಟ್ಟ ಕಳಲೆ ತಿಂದವರು ಮಾತ್ರ ಮಂಚದ ಮೇಲಿದ್ದರು.

"ಕಳಲೆ ಡಬ್ಬದ್ದಾ?" ಎಂದರು ಡಾಕ್ಟರು.

"ಡಬ್ಬದ್ದು," ಎಂದೆ. "ನಮ್ಮತ್ತೇದು."

ಅವರು ಮತ್ತೇನೂ ಕೇಳದೆ ಫೋನಿನ ಹತ್ತಿರ ಹೋದರು. ರಕ್ತ ಪರೀಕ್ಷೆಯ ಫಲಿತಾಂಶಕ್ಕೆ ಕಾದಿದ್ದರೆ ನನ್ನ ಗಂಡ ಇವತ್ತು ಇರುತ್ತಿರಲಿಲ್ಲ. ಆ ವಿಷ ನರಗಳ ತುದಿಯನ್ನು ಹಿಡಿಯುತ್ತದೆ, ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಎದೆಗೆ ಇಳಿದಾಗ ಉಸಿರು ನಿಲ್ಲುತ್ತದೆ ಎಂದು ಅವರು ಓದಿದ್ದರಂತೆ. ಕಣ್ಣಾರೆ ಕಂಡದ್ದು ಅದೇ ಮೊದಲಂತೆ. ಆ ಸಂಜೆಯೇ ಎಲ್ಲರನ್ನೂ ಪಟ್ಟಣದ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಉಸಿರಾಟದ ಯಂತ್ರಗಳು ಸಾಲದೆ ಪಕ್ಕದ ಪ್ರಾಂತಗಳಿಂದ ಬರುವವರೆಗೆ ರಬ್ಬರಿನ ಚೀಲವನ್ನು ಕೈಯಿಂದ ಹಿಸುಕಿ ಉಸಿರು ಕೊಡಬೇಕಾಗಿತ್ತು. ನರ್ಸ್ ತೋರಿಸಿಕೊಟ್ಟ ಹಾಗೆ ನಾನೂ ಹಿಸುಕಿದೆ. ನನ್ನ ಕೈ ನಿಂತರೆ ಅವನ ಎದೆ ನಿಲ್ಲುತ್ತದೆ ಎಂಬುದೊಂದೇ ಆಗ ತಲೆಯಲ್ಲಿದ್ದುದು. ಆ ವಿಷಕ್ಕೆ ಪ್ರತಿಮದ್ದು ನಮ್ಮ ದೇಶದಲ್ಲಿ ಇರಲಿಲ್ಲ. ಹೊರದೇಶದಿಂದ ವಿಮಾನದಲ್ಲಿ ತರಿಸಿದರು. ಬಂತು, ಕೊಟ್ಟರು, ವಿಷ ಇಳಿಯುವುದು ನಿಂತಿತು. ಆದರೆ ಆಗಲೇ ಸೋತ ನರಗಳು ಮತ್ತೆ ಚಿಗುರಲು ವಾರಗಟ್ಟಲೆ ಬೇಕು ಎಂದರು. ಇನ್ತೋನ್ ಯಂತ್ರದ ಆಸರೆಯಲ್ಲಿ ಮಲಗಿದ. ಹೌದೆನ್ನಲು ನನ್ನ ಬೆರಳನ್ನು ಒಮ್ಮೆ ಒತ್ತುತ್ತಿದ್ದ.

ಊರಿನಲ್ಲಿ ಮಾತು ಹುಟ್ಟಿತ್ತು. ಬುನ್ಪಾನ್ ಎಲ್ಲರಿಗೂ ಬಡಿಸಿ ತಾನು ಮಾತ್ರ ತಿನ್ನಲಿಲ್ಲವಂತೆ. ಸಾಯ್‌ಬುವಾ ಇದನ್ನು ನಮ್ಮ ಮೆಟ್ಟಿಲ ಕೆಳಗೇ ನಿಂತು ಹೇಳಿದಳು. ಸ್ವಂತ ಮಗನೇ ಮಲಗಿದ್ದಾನೆ ಎಂದು ನಾನು ಹೇಳಲು ಹೋದರೆ, "ಅವಳ ಗಂಡನೂ ಮಲಗವ್ನೆ, ಬಿಡು," ಎಂದು ಅತ್ತೆ ನನ್ನ ಬಾಯಿ ಮುಚ್ಚಿಸಿದರು.

ಆ ದಿನಗಳಲ್ಲೇ ರಮ್ಪೈ ಬಂದದ್ದು. ಚಿಯಾಂಗ್‌ಮಾಯ್‌ನ ವಿದ್ಯಾಲಯದಲ್ಲಿ ಆಹಾರ ವಿಜ್ಞಾನ ಕಲಿಸುವವರು. ಎಲ್ಲರೂ ಅಜಾನ್ ಎನ್ನುತ್ತಿದ್ದರು, ಅಂದರೆ ಗುರು. ಹುಟ್ಟಿದ್ದು ಪಕ್ಕದ ಪ್ರೇ ಪ್ರಾಂತದಲ್ಲಾದ್ದರಿಂದ ನಮ್ಮ ಗುಡ್ಡಸೀಮೆಯ ಮಾತನ್ನೇ ಆಡುತ್ತಿದ್ದರು. ಔತಣದ ಡಬ್ಬದಲ್ಲಿ ಉಳಿದಿದ್ದ ನೀರನ್ನೂ, ಮನೆಯ ಕೆಳಗಿನ ಸಾಲಿನಿಂದ ಕೆಲವು ಡಬ್ಬಗಳನ್ನೂ ಪರೀಕ್ಷೆಗೆ ಒಯ್ದರು. ಫಲಿತಾಂಶ ಬಂದಾಗ ಫೋನಿನಲ್ಲಿ ಹೇಳಿ ಮುಗಿಸದೆ ತಾವೇ ಬಂದರು. ಅತ್ತೆ ಚಾಪೆ ಹಾಸಿ ನೀರು ಕೊಟ್ಟರು.

"ಸುತ್ತಿ ಬಳಸಿ ಹೇಳ್ಬೇಡಿ ಅಜಾನ್," ಎಂದರು. "ನನ್ನ ಡಬ್ಬಾನೇನಾ?"

"ಹೌದಮ್ಮ. ನಿಮ್ಮ ಡಬ್ಬಾನೇ."

ಅತ್ತೆ ತಲೆಯಾಡಿಸಿದರು. ಆಮೇಲೆ ಕೇಳಿದರು. "ನಾನು ಸರಿಯಾಗಿ ತೊಳೀಲಿಲ್ವಾ?"

"ತೊಳೆದಿದ್ರಿ. ನಿಮ್ಮ ಅಡುಗೆ ಜಾಗ ನಮ್ಮ ಹುಡುಗರ ಪ್ರಯೋಗಶಾಲೆಗಿಂತ ಚೊಕ್ಕವಾಗಿದೆ. ಇದು ಕೊಳೆ ಮಾತಲ್ಲಮ್ಮ. ಮಣ್ಣಲ್ಲಿ ಒಂದು ಜೀವಿ ಇದೆ, ಕಣ್ಣಿಗೆ ಕಾಣಲ್ಲ. ಅದರ ಬೀಜಕ್ಕೆ ಗಟ್ಟಿ ಸಿಪ್ಪೆ. ಎಷ್ಟು ಹೊತ್ತು ಕುದಿಸಿದ್ರೂ ಆ ಬೀಜ ಸಾಯಲ್ಲ. ಕುದಿಯೋ ನೀರಿಗಿಂತ ಹೆಚ್ಚು ಬಿಸಿ ಬೇಕು, ಅದು ಕಾರ್ಖಾನೆಯ ಒತ್ತಡದ ಪಾತ್ರೇಲಿ ಮಾತ್ರ ಆಗೋದು. ಗಾಳಿ ಇದ್ದ ಕಡೆ ಆ ಬೀಜ ಸುಮ್ನೆ ಬಿದ್ದಿರುತ್ತೆ. ಗಾಳಿ ಇಲ್ಲದ ಕಡೆ ಮೊಳೆತು ವಿಷ ಉಗುಳುತ್ತೆ."

"ಗಾಳಿ ಹೋಗ್ದಂಗೆ ಬೆಸುಗೆ ಹಾಕ್ದೋಳು ನಾನೇ," ಎಂದರು ಅತ್ತೆ.

"ಇಡೀ ಊರೇ ಹಾಕಿದೆ. ಇಷ್ಟು ವರ್ಷ ಅದೃಷ್ಟ ಕಾದಿತ್ತು. ಇನ್ನು ಮುಂದೆ ಅದೃಷ್ಟಕ್ಕೆ ಕೆಲಸ ಕೊಡೋದು ಬೇಡ ಅಂತ ನಾನು ಬಂದಿದೀನಿ."

ಅತ್ತೆ ಅಳಬಹುದೆಂದು ನಾನು ಅಂದುಕೊಂಡಿದ್ದೆ. ಅಳಲಿಲ್ಲ. ಸಾರು ತಿಂದವರಿಗೆ ಯಾಕೆ ಏನೂ ಆಗಲಿಲ್ಲ ಎಂದು ಕೇಳಿದರು. ಬೀಜ ಕುದಿಗೆ ಜಗ್ಗದಿದ್ದರೂ ಅದು ಉಗುಳಿದ ವಿಷ ಚೆನ್ನಾಗಿ ಕುದಿಸಿದರೆ ಮುರಿಯುತ್ತದೆ ಎಂದರು ರಮ್ಪೈ. ಅತ್ತೆ ಮತ್ತೆ ಯೋಚಿಸಿ, ತಮ್ಮ ಅಜ್ಜಿ ಜಾಡಿಯಲ್ಲಿ ಉಪ್ಪು ಹಾಕಿ ಹುಳಿ ಬರಿಸುತ್ತಿದ್ದ ಕಳಲೆಯನ್ನು ಹಾಗೇ ಹಸಿಯಾಗಿ ತಿನ್ನುತ್ತಿದ್ದೆವಲ್ಲ, ಅದರಿಂದ ಯಾರೂ ಬಿದ್ದದ್ದು ಕೇಳಿಲ್ಲವಲ್ಲ ಎಂದರು. ರಮ್ಪೈ ಚಾಪೆಯ ಮೇಲೆ ಒಂದು ಗೇಣು ಮುಂದೆ ಸರಿದರು. ಹುಳಿ ಇದ್ದ ಕಡೆ ಆ ಬೀಜ ಮೊಳೆಯುವುದೇ ಇಲ್ಲ ಎಂದು ವಿವರಿಸಿದರು. ಡಬ್ಬದ ಕಳಲೆಗೂ ಹುಳಿ ಕೂಡಿಸಿ ಮುಚ್ಚುವ ವಿಧಾನ ಹೇಳಿಕೊಡಬೇಕೆಂದೇ ಅವರು ಬಂದದ್ದು. ಕೇಳುತ್ತಾ ಕೂತಿದ್ದ ನಾನು ಎದ್ದು ಹೋದೆ. ಇನ್ನು ನನ್ನ ಮನೆಯಲ್ಲಿ ಡಬ್ಬದ ಕಳಲೆಯ ಮಾತೇ ಬೇಡ ಎಂದು ನನಗೆ ನಾನೇ ಹೇಳಿಕೊಂಡೆ.

ಆದರೆ ಊರ ತುಂಬ ಮನೆಗಳ ಕೆಳಗೆ ಹಳೆಯ ಡಬ್ಬಗಳು ಕೂತಿದ್ದವು. ಅವನ್ನು ಮಾರಬಾರದು, ತಿನ್ನಬಾರದು ಎಂದು ಆರೋಗ್ಯ ಇಲಾಖೆಯವರು ಹೇಳಿ ಹೋಗಿದ್ದರು. ಒಂದು ಬೆಳಿಗ್ಗೆ ಸಾಹುಕಾರ ಹೆಂಗ್ ಗಾಡಿ ತಂದು ಬೀದಿಯ ತಲೆಗೆ ನಿಲ್ಲಿಸಿದ. ಪ್ರತಿ ವರ್ಷ ನಮ್ಮ ಕಳಲೆ ಕೊಳ್ಳುತ್ತಿದ್ದವನು ಅವನೇ. ಇವನ್ನು ದಕ್ಷಿಣದ ಕಡೆ ದೂರ ಒಯ್ದು ಮಾರುತ್ತೇನೆ, ಅಲ್ಲಿ ಯಾರೂ ಊರಿನ ಹೆಸರು ಕೇಳುವುದಿಲ್ಲ, ನಿಮಗೂ ವರ್ಷದ ದುಡಿಮೆ ಮಣ್ಣಾಗುವುದು ತಪ್ಪುತ್ತದೆ ಎಂದ. ಹೆಂಗಸರು ಗುಂಪುಗೂಡಿದರು. ಆಸ್ಪತ್ರೆಗೆ ಓಡಾಡಿ ಎಲ್ಲರ ಕೈಯೂ ಬರಿದಾಗಿತ್ತು. ಸಾಯ್‌ಬುವಾ ಮೊದಲು ಬಾಯಿ ಬಿಟ್ಟಳು. ಅವಳ ಡಬ್ಬದ ಕಳಲೆಯನ್ನು ಹೋದ ತಿಂಗಳೂ ತಿಂದಿದ್ದಾರೆ, ಯಾರಿಗೂ ಏನೂ ಆಗಿಲ್ಲ. ಒಂದು ಮನೆಯ ಡಬ್ಬ ಕೆಟ್ಟರೆ ಊರ ಡಬ್ಬವೆಲ್ಲ ಯಾಕೆ ಚೆಲ್ಲಬೇಕು ಎಂದಳು. ಒಂದಿಬ್ಬರು ಹೌದೆಂದರು.

ಅತ್ತೆ ಮನೆಯಿಂದ ಇಳಿದು ಬಂದರು. ಊರವರು ಕಾಯಿಲೆ ಬಿದ್ದಾಗಿನಿಂದ ಅವರು ಬೀದಿಗೆ ಇಳಿದದ್ದು ಅದೇ ಮೊದಲು.

"ಸಾಯ್‌ಬುವಾ, ನಿನ್ನ ಸಾಲಿನಾಗೆ ಒಳ್ಳೆ ಡಬ್ಬ ಯಾವ್ದು, ತೋರ್ಸು," ಎಂದರು.

"ನೋಡಿದ್ರೆ ಗೊತ್ತಾಗುತ್ತೆ ಬುನ್ಪಾನಕ್ಕ. ಉಬ್ಬಿದ್ದನ್ನ ಬಿಟ್ಟು ಉಳಿದಿದ್ದು ಕೊಡೋದು."

"ನಾನು ಆವತ್ತು ತೆಗೆದಿದ್ದು ಉಬ್ಬಿರ್ಲಿಲ್ಲ. ನಾತಾನೂ ಇರ್ಲಿಲ್ಲ. ನಲವತ್ತು ಮಳೆಗಾಲ ಕಳಲೆ ಮೂಸಿದ ಮೂಗು ಇದು. ನನಗೇ ಗೊತ್ತಾಗ್ಲಿಲ್ಲ, ನಿನಗೆ ಗೊತ್ತಾಗುತ್ತಾ?"

ಆಮೇಲೆ ಹೆಂಗ್ ಕಡೆ ತಿರುಗಿದರು. "ಸಾಹುಕಾರ್ರೇ, ಬಂದಿದೀರಿ, ಬರಿಗೈಲಿ ಕಳಿಸಬಾರ್ದು. ನಿಮಗೆ ಇಷ್ಟ ಆದ ಡಬ್ಬ ಒಂದು ಆರಿಸ್ಕೊಳ್ಳಿ. ಇಲ್ಲೇ ತೆಗೆದು ಸೀಳ್ತೀನಿ. ಚಟ್ನಿ ನಾನೇ ಅರೀತೀನಿ. ನೀವು ಮೊದ್ಲು ಒಂದು ತುತ್ತು ತಿನ್ನಿ, ಆಮೇಲೆ ಗಾಡಿಗೆ ತುಂಬೋಣ."

ಹೆಂಗ್ ನಗಲು ನೋಡಿದ. ಯಾರೂ ಜೊತೆಗೂಡಲಿಲ್ಲ. ಬಿಸಿಲೇರುತ್ತಿದೆ, ಇನ್ನೊಂದು ಊರಿಗೆ ಹೋಗಬೇಕು ಎಂದು ಗೊಣಗಿ ಗಾಡಿ ಹತ್ತಿದ. ಆ ವಾರ ರಮ್ಪೈ ಹೇಳಿಕೊಟ್ಟಂತೆ ಊರ ಡಬ್ಬಗಳನ್ನೆಲ್ಲ ತೆರೆದು, ದೊಡ್ಡ ಹಂಡೆಗಳಲ್ಲಿ ಚೆನ್ನಾಗಿ ಕುದಿಸಿ, ಗುಂಡಿ ತೋಡಿ ಸುಣ್ಣ ಹಾಕಿ ಹೂತೆವು. ಎಲ್ಲರಿಗಿಂತ ಮೊದಲು ತಮ್ಮ ಸಾಲನ್ನು ಎತ್ತಿಸಿದವರು ಅತ್ತೆ. ಅವರ ಹಿಂದೆಯೇ ಡಬ್ಬ ಹೊತ್ತು ಬಂದವಳು ಸಾಯ್‌ಬುವಾ. ಇಬ್ಬರೂ ಒಂದೇ ಹಂಡೆಗೆ ಸೌದೆ ಒಟ್ಟಿದರು.

ಮಳೆ ಶುರುವಾಗುವ ಮುನ್ನ ಇನ್ತೋನ್ ಮನೆಗೆ ಬಂದ. ಕೆನ್ನೆ ಒಳಗೆ ಹೋಗಿ, ಧ್ವನಿ ಒಡೆದ ಬಿದಿರಿನಂತಾಗಿತ್ತು. ಹಿಂದೆಯೇ ಸಾಯ್‌ಬುವಾಳ ಗಂಡನೂ ಬಂದ. ಕೊನೆಗೆ ಹೋದವರೆಲ್ಲರೂ ತಿರುಗಿ ಬಂದರು. ಪಟ್ಟಣದಿಂದ ಬರುವ ದಾರಿಯಲ್ಲಿ ತಾಲೂಕು ಆಸ್ಪತ್ರೆಗೆ ಹೋಗಿದ್ದಾಗ ಡಾಕ್ಟರ್ ಪಿಚೇತ್, ತಾಲೂಕಿಗೆ ಯಾವಾಗ ಬಂದರೂ ನೋಡಿಕೊಂಡು ಹೋಗಿ, ಆದರೆ ಊಟಕ್ಕೆ ಕರೆಯಬೇಡಿ ಎಂದು ನಗಿಸಿದರು.

ಹೊಸ ಕಳಲೆ ಇಳಿಯುತ್ತಿದ್ದಂತೆ ರಮ್ಪೈ ಹುಳಿ ಕೂಡಿಸಲೆಂದು ಒಂದು ಮೂಟೆ ನಿಂಬೆ ಉಪ್ಪು, ಒಂದು ಪುಟ್ಟ ಯಂತ್ರ ತಂದರು. ತುದಿಯಲ್ಲಿ ಗಾಜಿನ ಗುಂಡಿದ್ದ ಕಡ್ಡಿ, ಅದನ್ನು ಅದ್ದಿದರೆ ಹುಳಿ ಎಷ್ಟಿದೆ ಎಂದು ಅಂಕಿ ತೋರಿಸುತ್ತದೆ. ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ನಾಲ್ಕು ಪಾಯಿಂಟ್ ಆರು ಎನ್ನುವುದು ಗೆರೆ, ಅದರ ಕೆಳಗಿದ್ದರೆ ಆ ಬೀಜ ಮೊಳೆಯದು. ನಾವು ಗೆರೆಗಿಂತ ಚೆನ್ನಾಗಿ ಕೆಳಗೇ ಇರೋಣ ಎಂದರು. ಈ ಕಡ್ಡಿ ಹಿಡಿಯುವವರು ಯಾರು ಎಂದಾಗ ಹೆಂಗಸರು ಅತ್ತೆಯ ಮುಖ ನೋಡಿದರು. ರಮ್ಪೈ ನನ್ನ ಕಡೆ ಬಂದರು. ನಾನು ದೂರದಲ್ಲಿ ಕೈಕಟ್ಟಿ ನಿಂತಿದ್ದೆ. ಇದು ನನ್ನ ಕೆಲಸವಲ್ಲ, ನನಗೆ ಆ ಡಬ್ಬ ಕಂಡರೇ ಎದೆ ಹೊಡೆದುಕೊಳ್ಳುತ್ತದೆ ಎಂದೆ.

"ಅದಕ್ಕೇ ನಿಮಗೆ ಕೊಡ್ತಿರೋದು," ಎಂದರು. "ಹೆದರೋರು ಎರಡು ಸಲ ಅಳೀತಾರೆ. ಹೆದರದೋರು ಒಂದು ಸಲಾನೂ ಅಳೆಯಲ್ಲ."

ಕಲಿತೆ. ಅಳೆಯುವ ಮುನ್ನ ಕಡ್ಡಿಯನ್ನು ಗೊತ್ತಿರುವ ಹುಳಿಯ ನೀರಿನಲ್ಲಿ ಅದ್ದಿ ಸರಿಪಡಿಸುವುದು, ಪ್ರತಿ ಸಲ ಶುದ್ಧ ನೀರಿನಲ್ಲಿ ತೊಳೆಯುವುದು, ಅಂಕಿ ನಿಲ್ಲುವವರೆಗೆ ಕಾಯುವುದು. ಮೊದಲ ಕಂತಿನ ಡಬ್ಬಗಳು ಮುಚ್ಚಿ ಕೆಲವು ದಿನ ಕೂತ ಮೇಲೆ ಒಂದನ್ನು ತೆರೆದು ನೀರಿಗೆ ಕಡ್ಡಿ ಅದ್ದಿದೆ. ಗೆರೆಗಿಂತ ಎಷ್ಟೋ ಕೆಳಗಿತ್ತು. ಸಾಯ್‌ಬುವಾ ಆ ದಿನವೇ ಸಂತೆಗೆ ಹೋಗಿ, ಡಬ್ಬ ಬರುತ್ತದೆಂದು ಗಿರಾಕಿಗಳಿಗೆ ಹೇಳಿಬಂದಳು.

ರಮ್ಪೈ ಬಂದು, ನೀರನ್ನು ನೋಡಿದ್ದಾಯಿತು, ಕಳಲೆಯನ್ನು ನೋಡಿ ಎಂದರು. ಡಬ್ಬದ ಅತಿ ದಪ್ಪ ಕಳಲೆಯೊಂದನ್ನು ತೆಗೆದು, ಬುಡದ ನಡುವಿನ ತಿರುಳನ್ನಷ್ಟೇ ಕೊಯ್ದು, ಅರೆದು, ಕಡ್ಡಿ ಇಡಿಸಿದರು. ಅಂಕಿ ಮೇಲೆ ಹೋಯಿತು. ಇನ್ನೂ ಮೇಲೆ ಹೋಯಿತು. ಗೆರೆ ದಾಟಿ ನಿಂತಿತು. ನಾನು ತೊಳೆದು ಮತ್ತೊಮ್ಮೆ ಇಟ್ಟೆ. ಅದೇ ಅಂಕಿ.

"ನೀರು ಹುಳಿಯಾಗಿದೆ. ನಡುಬುಡ ಇನ್ನೂ ಆಗಿಲ್ಲ," ಎಂದರು ರಮ್ಪೈ. "ಈ ಡಬ್ಬಗಳು ಹೊರಗೆ ಹೋಗೋ ಹಾಗಿಲ್ಲ."

ಸಾಯ್‌ಬುವಾ ಸಿಡಿದಳು. ಮಾತು ಕೊಟ್ಟು ಬಂದಿದ್ದಾಳೆ, ಒಂದು ಕೂದಲೆಳೆಯಷ್ಟು ಹೆಚ್ಚುಕಡಿಮೆಗೆ ಇಡೀ ಕಂತು ತಡೆಯುವುದೆಂದರೇನು, ಅಜಾನ್‌ಗೆ ತಿಂಗಳಾದರೆ ಸಂಬಳ ಬರುತ್ತದೆ, ನಮಗೆ ಯಾರು ಕೊಡುತ್ತಾರೆ ಎಂದಳು. ರಮ್ಪೈ ಎಲ್ಲವನ್ನೂ ಕೇಳಿಸಿಕೊಂಡರು. ಸಂಬಳದ ಮಾತು ನಿಜ ಎಂದರು. ಆದರೆ ಅಂಕಿ ನನ್ನದಲ್ಲ, ಕಳಲೆಯದು; ನಾನು ಹೋಗಲಿ ಎಂದು ಬಿಟ್ಟರೆ ಅದು ಬಿಡುವುದಿಲ್ಲ ಎಂದರು. ಸಾಯ್‌ಬುವಾ ನನ್ನನ್ನು ನೋಡಿದಳು, ನಾನಾದರೂ ಅವಳ ಪರ ಬರಬಹುದೆಂದು.

ನನಗೇ ಆಶ್ಚರ್ಯವಾಗುವಷ್ಟು ಸಲೀಸಾಗಿ ಬಾಯಿಂದ ಬಂತು: "ಅಕ್ಕ, ಕಡ್ಡಿ ಇಟ್ಟಿದ್ದು ನಾನು. ಎರಡು ಸಲ ಇಟ್ಟೆ. ಈ ಡಬ್ಬ ಕಳಿಸಿದ್ರೆ ಆಸ್ಪತ್ರೇಲಿ ಇನ್ಯಾರೋ ಹೆಂಗಸು ಆ ರಬ್ಬರ್ ಚೀಲ ಹಿಸುಕಬೇಕಾಗುತ್ತೆ."

ಅವಳು ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡು ಕೂತಳು. ಅವಳೂ ಹಿಸುಕಿದವಳೇ.

ಆ ಡಬ್ಬಗಳನ್ನೂ ಕುದಿಸಿ ಹೂತೆವು. ಮುಂದಿನ ಕಂತಿಗೆ ರಮ್ಪೈ ದಪ್ಪ ಕಳಲೆಯನ್ನು ಎರಡಾಗಿ ಸೀಳಿ ಹಾಕೋಣ ಎಂದರು, ಹುಳಿಗೆ ಒಳಹೋಗುವ ದೂರ ಅರ್ಧವಾಗುತ್ತದೆ. ಅತ್ತೆಗೆ ಅದು ಹಿಡಿಸಲಿಲ್ಲ. ಸೀಳಿದ್ದು ಕುದಿಯಲ್ಲಿ ಚೂರಾಗುತ್ತದೆ, ಚೂರು ಕಳಲೆಯನ್ನು ಯಾರೂ ಮೂಸುವುದಿಲ್ಲ. ಇಬ್ಬರೂ ಮಾತಿಗೆ ಮಾತು ಬೆಳೆಸಿದರು. ರಮ್ಪೈ ತೆಳ್ಳಗೆ ಸೀಳಿಸಿ ನೋಡಿದರು, ಹುಳಿ ಸರಿಹೋಯಿತು, ಕಳಲೆ ಹಿಟ್ಟಾಯಿತು. ಅತ್ತೆ ಇಡಿಯಾಗಿಟ್ಟು ಹೆಚ್ಚು ಹೊತ್ತು ಕುದಿಸಿ ನೋಡಿದರು, ಕಳಲೆ ನೆಟ್ಟಗಿತ್ತು, ಹುಳಿ ಒಳಹೋಗಲಿಲ್ಲ. ಕೊನೆಗೆ ನೆಲೆನಿಂತದ್ದು ಇಬ್ಬರದೂ ಸೇರಿದ ದಾರಿ. ಬುಡದ ಗಟ್ಟಿ ಭಾಗವನ್ನು ಕತ್ತರಿಸಿ ತೆಗೆಯುವುದು; ದಪ್ಪನೆಯವನ್ನು ಬುಡದಿಂದ ಮುಕ್ಕಾಲು ಉದ್ದಕ್ಕೆ ಸೀಳಿ, ತುದಿ ಕೂಡಿಕೊಂಡೇ ಇರುವಂತೆ ಬಿಡುವುದು; ಮೊದಲು ಹುಳಿನೀರಿನಲ್ಲೇ ಬೇಯಿಸಿ, ಆಮೇಲೆ ಡಬ್ಬಕ್ಕೆ ತುಂಬುವುದು. ಪ್ರತಿ ಕಂತಿನಲ್ಲೂ ಅತಿ ದಪ್ಪ ಕಳಲೆಯ ನಡುಬುಡ ಗೆರೆಯ ಕೆಳಗೆ ಬರುವವರೆಗೆ ಒಂದು ಡಬ್ಬವೂ ಹೊರಗೆ ಹೋಗುವಂತಿಲ್ಲ. ಹಾಗೆ ಮಾಡಿದ ಡಬ್ಬಗಳನ್ನು ರಮ್ಪೈ ತಮ್ಮ ವಿದ್ಯಾಲಯಕ್ಕೆ ಒಯ್ದು, ಬೆಚ್ಚನೆಯ ಕೋಣೆಯಲ್ಲಿಟ್ಟು, ಬೀಜ ಮೊಳೆಯಲು ಎಷ್ಟು ಬೇಕೋ ಅಷ್ಟು ಅವಕಾಶ ಕೊಟ್ಟು ಪರೀಕ್ಷಿಸಿದರು. ಮೊಳೆಯಲಿಲ್ಲ.

ಉಳಿದದ್ದು ರುಚಿ. ಸಂತೆಯವರು ಮುಖ ಸಿಂಡರಿಸಿದರು. ಬುನ್ಪಾನಮ್ಮನ ಕಳಲೆ ಹುಣಸೆಹಣ್ಣಾಯಿತೇ ಎಂದು ನಕ್ಕರು. ಅತ್ತೆ ನಗುವವರ ಎದುರೇ ಒಲೆ ಹೂಡಿದರು. ಡಬ್ಬ ತೆರೆದು, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಸಿ ಆ ನೀರು ಚೆಲ್ಲುವುದು, ಮತ್ತೊಮ್ಮೆ ಹೊಸ ನೀರು ಹಾಕಿ ಕುದಿಸುವುದು. ಹುಳಿ ನೀರಿಗಿಳಿದು ಹೋಗಿ ಕಳಲೆಯ ಸಿಹಿ ತಿರುಗಿ ಬರುತ್ತಿತ್ತು. ಹಾಗೇ ಹಸಿಯಾಗಿ ತಿನ್ನುವ ಹಳೇ ಚಾಳಿಯೂ ತಪ್ಪಿತು. ರಮ್ಪೈ ಇದನ್ನು ನೋಡಿ ಬಹಳ ಖುಷಿಪಟ್ಟರು. ಹುಳಿ ಒಂದು ಬೀಗ, ಕುದಿ ಇನ್ನೊಂದು ಬೀಗ, ಕಳ್ಳ ಯಾವ ಕಡೆಯಿಂದ ಬರುತ್ತಾನೆ ನೋಡೋಣ ಎಂದರು.

ಮನೆಯಲ್ಲಿ ಆ ಕಳಲೆಯನ್ನು ಮೊದಲು ಬೇಯಿಸಿದ ದಿನ ತಟ್ಟೆ ಹಿಡಿದು ನಾನು ಒಲೆಯ ಹತ್ತಿರವೇ ನಿಂತುಬಿಟ್ಟೆ. ಇನ್ತೋನ್ ಚಾಪೆಯ ಮೇಲೆ ಕೂತು ಕಾಯುತ್ತಿದ್ದ.

"ಕಡ್ಡಿ ಏನಂತು?" ಎಂದು ಒಡಕು ಧ್ವನಿಯಲ್ಲಿ ಕೇಳಿದ.

"ಗೆರೆಗಿಂತ ಕೆಳಗೆ."

"ಅಳೆದಿದ್ದು ಯಾರು?"

"ನಾನೇ."

"ಕುದಿಸಿದ್ದು?"

"ನಾನೇ. ಎರಡು ಸಲ."

"ಮತ್ಯಾಕೆ ಭಿಕ್ಷುಗಳಿಗೆ ಅನ್ನ ನೀಡೋಕೆ ಹಾದಿ ಕಾಯೋಳಂಗೆ ನಿಂತಿದೀಯ. ಬಡಿಸು."

ಬಡಿಸಿದೆ. ಅವನ ಎದುರು ಕೂತು ನಾನೂ ತಿಂದೆ. ಮೊದಲ ತುತ್ತು ಗಂಟಲಲ್ಲಿ ಇಳಿಯುವಾಗ ಭಯವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಆ ಭಯದ ಪಕ್ಕದಲ್ಲೇ ಇನ್ನೊಂದು ಕೂತಿತ್ತು. ದೇವರ ಮೇಲೆ ಭಾರ ಹಾಕಿ ತಿನ್ನುವಾಗಿನ ಧೈರ್ಯ ಅದಲ್ಲ, ಏನು ಮಾಡಿದ್ದೇನೆಂದು ತಿಳಿದು ತಿನ್ನುವವರದು. ಎರಡನೆಯ ತುತ್ತಿಗೆ ಚಟ್ನಿ ಕಡಿಮೆಯಾಯಿತೆಂದು ಅನಿಸಿತು.

ಮರುವರ್ಷ ಹೊಸ ಕಳಲೆ ಬರುವ ಹೊತ್ತಿಗೆ ಗುಡ್ಡದಾಚೆಯ ಕಣಿವೆಯ ಊರಿನಿಂದ ಕರೆ ಬಂತು. ಅಲ್ಲೂ ಡಬ್ಬದ ಕಳಲೆ ಮಾಡುವವರಿದ್ದರು, ನಮ್ಮ ಹಳೆಯ ಕ್ರಮದಲ್ಲೇ. ರಮ್ಪೈಗೆ ಬರಲಾಗಲಿಲ್ಲ. ನೀವೇ ಸಾಕು, ಕಡ್ಡಿ ಸರಿಪಡಿಸುವ ನೀರು ಮರೆಯಬೇಡಿ ಎಂದಷ್ಟೇ ಫೋನಿನಲ್ಲಿ ಹೇಳಿದರು. ಅತ್ತೆ, ಸಾಯ್‌ಬುವಾ, ನಾನು ಹೋದೆವು. ಊರ ಮಂಟಪದಲ್ಲಿ ಹೆಂಗಸರು ತುಂಬಿದ್ದರು. ಮುಂದಿನ ಸಾಲಿನಲ್ಲಿ ಎಲೆಅಡಿಕೆ ಮೆಲ್ಲುತ್ತಿದ್ದ ಮುದುಕಿಯೊಬ್ಬಳು, ತಾನು ನಿಮಗಿಂತ ಹೆಚ್ಚು ಮಳೆಗಾಲ ಕಂಡಿದ್ದೇನೆ, ತನ್ನ ಡಬ್ಬದಿಂದ ಒಂದು ನಾಯಿಯೂ ಸತ್ತಿಲ್ಲ, ಎಲ್ಲೋ ಯಾರೋ ಕೊಳಕು ಕೈಯವರು ಮಾಡಿದ್ದಕ್ಕೆ ನಮಗೇಕೆ ಪಾಠ ಎಂದಳು. ಮಂಟಪ ಗೊಳ್ಳೆಂದಿತು.

ಅತ್ತೆ ಎದ್ದು ನಿಂತರು. "ಆ ಕೈ ಇದೇ ನೋಡವ್ವ," ಎಂದು ಎರಡೂ ಕೈ ಮುಂದೆ ಚಾಚಿದರು. "ನನ್ನ ಡಬ್ಬ ತಿಂದು ನನ್ನ ಮಗ ಮಲಗಿದ್ದ. ಕೈ ಕೊಳಕಾಗಿರ್ಲಿಲ್ಲ. ಗೊತ್ತಿಲ್ಲದ್ದು ತಲೇಲಿತ್ತು, ಕೈಯಲ್ಲಲ್ಲ. ಈಗ ಗೊತ್ತಾಗಿದೆ. ಗೊತ್ತಾದ್ದನ್ನ ಹೇಳೋಕೆ ಬಂದಿದೀನಿ. ಬೇಡ ಅಂದ್ರೆ ಊಟ ಹಾಕಿ ಕಳಿಸು, ಮನೆಗೆ ಹೋಗ್ತೀವಿ."

ಮುದುಕಿ ಮೆಲ್ಲುವುದನ್ನು ನಿಲ್ಲಿಸಿದಳು. ಸಾಯ್‌ಬುವಾ ಎದ್ದು, ಈ ಬುನ್ಪಾನಕ್ಕನನ್ನು ಬೀದಿಯಲ್ಲಿ ನಿಂತು ಬೈದವಳು ತಾನೇ, ಇವಳ ಮಾತು ಕೇಳಿದ್ದರಿಂದಲೇ ಈ ವರ್ಷ ತಮ್ಮೂರಿನ ಡಬ್ಬ ಮತ್ತೆ ಸಂತೆಯಲ್ಲಿ ನಿಂತಿದೆ ಎಂದಳು. ಸಾಯ್‌ಬುವಾ ಯಾರನ್ನಾದರೂ ಹೊಗಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಮುದುಕಿ ಮೊಮ್ಮಗಳನ್ನು ಕಳಿಸಿ ಮನೆಯಿಂದ ಒಂದು ಡಬ್ಬ ತರಿಸಿದಳು. ನಾನು ಕಡ್ಡಿ ಸರಿಪಡಿಸಿಕೊಂಡು, ಕಳಲೆಯ ನಡುಬುಡ ಅರೆದು, ಎಲ್ಲರಿಗೂ ಕಾಣುವಂತೆ ಅಳೆದೆ. ಅಂಕಿ ಗೆರೆಗಿಂತ ಬಹಳ ಮೇಲೆ ನಿಂತಿತು. ಹುಳಿ ಹಾಕದ ಕಳಲೆಯಲ್ಲಿ ಬೇರೇನು ಬಂದೀತು? ಇದರಲ್ಲಿ ವಿಷ ಇದೆ ಎಂದು ಈ ಅಂಕಿ ಹೇಳುವುದಿಲ್ಲ, ಬಾಗಿಲಿಗೆ ಬೀಗವಿಲ್ಲ ಎಂದಷ್ಟೇ ಹೇಳುತ್ತದೆ ಎಂದು ವಿವರಿಸಿದೆ. ಮುದುಕಿ ಯಂತ್ರವನ್ನು ಕೈಗೆ ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಮತ್ತೊಮ್ಮೆ ಅಳೆದು ತೋರಿಸು ಎಂದಳು. ತೊಳೆದು ಅಳೆದೆ. ಅದೇ ಅಂಕಿ ಬಂತು.

"ನಿಂಬೆ ಉಪ್ಪು ಎಷ್ಟು ತಂದಿದೀರಿ?" ಎಂದು ಕೇಳಿದಳು.

ಮೂಟೆ ಗಾಡಿಯಲ್ಲಿದೆ ಎಂದೆ. ಅವಳು ಬಾಯಿಯ ಎಲೆಅಡಿಕೆ ಉಗಿದು ಬಂದು, ಲುಂಗಿ ಮೇಲಕ್ಕೆ ಕಟ್ಟಿ, ಒಲೆ ಹೊತ್ತಿಸಲು ಸೌದೆ ತನ್ನಿ ಎಂದು ಹುಡುಗಿಯರಿಗೆ ಕೂಗಿ ಹೇಳಿದಳು. ಅತ್ತೆ ಆಗಲೇ ಕತ್ತಿ ಹಿಡಿದು ಕೂತು, ಮೊದಲ ಕಳಲೆಯ ಬುಡ ಸೀಳುತ್ತಾ, ಹೀಗೆ ಸುಲಿದದ್ದು ಯಾರು ಎಂದು ಆ ಊರಿನ ಸೊಸೆಯೊಬ್ಬಳನ್ನು ವಿಚಾರಿಸುತ್ತಿದ್ದರು.